ಮಲ್ಲಪ್ಪನವರೂ ಅವರ ದೊಡ್ಡಪ್ಪನೂ

ಎರಡು ಸಾವಿರದ ಆರನೆಯ ಇಸವಿ, ಆಯುಧಪೂಜೆಯ ದಿನ, ಬೆಳಗ್ಗೆ ಏಳು ಗಂಟೆ. ಸ್ಥಳ: ನಂಜನಗೂಡಿನಲ್ಲಿ ನಮ್ಮ ಮನೆಗೆ ಅಂಟಿಕೊಂಡಿರುವ ಬಾಳೆಮಂಡಿಯ ಹಿಂದಿನ ಷೆಡ್ಡು. ಹಾಜರಿದ್ದವರು ಮೂವರು: ನಿವೃತ್ತ ನರ್ಸ್ ಆದ ನಾನು, ಮಂಡಿಯ ಯಜಮಾನರ ಹೆಂಡತಿ ದಾಕ್ಷಾಯಣಮ್ಮ, ಹೆಮ್ಮರಗಾಲದಿಂದ ಮೊದಲ ಬಸ್ಸಿಗೇ ಬಂದಿದ್ದ ಮಾದೇವಿ. ಟಾರ್ಪಾಲಿನ ಕೆಳಗೆ ಒಂದು ಹಳೆಯ ಮೋಟಾರ್ ಸೈಕಲ್. ಗೈರುಹಾಜರು ಒಬ್ಬರೇ, ಮಂಡಿಯ ಯಜಮಾನರಾದ ಶಿವಮಲ್ಲಪ್ಪನವರು. ಅವರು ಯಾವ ಕೆಲಸಕ್ಕೂ ಹೇಳಿದ ಹೊತ್ತಿಗೆ ಬಂದವರಲ್ಲ. ಈ ಸಲ ಮಾತ್ರ ಒಪ್ಪತಕ್ಕ ಕಾರಣವಿತ್ತು. ಅವರು ತೀರಿಕೊಂಡು ವರ್ಷ ಕಳೆದಿತ್ತು.

ಮಲ್ಲಪ್ಪನವರು ಮೋಟಾರ್ ಸೈಕಲ್ ಹತ್ತುವುದನ್ನು ದೂರದಿಂದ ಕಂಡವರು ಆನೆ ಹತ್ತುತ್ತಿದ್ದಾರೆಂದು ತಿಳಿದುಕೊಳ್ಳಬೇಕು. ಮೊದಲು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವರು. ಆಮೇಲೆ ಖಾಕಿ ಕೋಟಿನ ಗುಂಡಿ ಹಾಕುವರು. ಬೇಸಗೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರು. ಕಣ್ಣಿಗೆ ವೆಲ್ಡಿಂಗ್ ಅಂಗಡಿಯಿಂದ ತಂದ ಕಪ್ಪು ಕನ್ನಡಕ. ಅದರಲ್ಲಿ ರಸ್ತೆ ಎಷ್ಟು ಕಾಣುತ್ತಿತ್ತೋ ನನಗೆ ತಿಳಿಯದು, ಅವರಿಗೂ ತಿಳಿದಿತ್ತೆಂದು ಹೇಳಲಾರೆ. ಕೊನೆಗೆ ಟ್ಯಾಂಕಿನ ಮೇಲೆ ಕೈಯಿಟ್ಟು ಅದರೊಡನೆ ಎರಡು ಮಾತಾಡುವರು. "ಗಾಡಿಗೆ ಪೆಟ್ರೋಲು ಆಮೇಕೆ ಸಿಸ್ಟ್ರೇ, ಮೊದ್ಲು ಮರ್ವಾದೆ ಕೊಡ್ಬೇಕು" ಎನ್ನುವುದು ಅವರ ಸಿದ್ಧಾಂತ.

ಮರ್ಯಾದೆಗೆ ಕಾರಣವಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಇಂಗ್ಲಿಷ್ ಗಾಡಿ ಅದು. ಕೊಂಡವರು ಅವರ ದೊಡ್ಡಪ್ಪ. ದೊಡ್ಡಪ್ಪ ಹೋದ ಮೇಲೆ ಗಾಡಿ ಇವರ ಪಾಲಿಗೆ ಬಂತು, ಹೆಸರು ಗಾಡಿಯ ಪಾಲಿಗೆ ಉಳಿಯಿತು. "ಇವತ್ತು ದೊಡ್ಡಪ್ಪಂಗೆ ಮೂಡಿಲ್ಲ", "ದೊಡ್ಡಪ್ಪಂಗೆ ಗಂಟ್ಲು ಕಟ್ಕಂಡದೆ" ಎಂದು ಅವರು ಬೀದಿಯಲ್ಲಿ ನಿಂತು ಹೇಳುವುದನ್ನು ಕೇಳಿ, ಊರಿಗೆ ಹೊಸದಾಗಿ ಬಂದ ಬ್ಯಾಂಕಿನವರೊಬ್ಬರು ಹಿರಿಯರನ್ನು ವಿಚಾರಿಸಲು ಹಣ್ಣು ಹಿಡಿದು ಬಂದಿದ್ದರು. ಬಾಳೆಮಂಡಿಗೆ ಬಾಳೆಹಣ್ಣು ಹಿಡಿದು ಬಂದದ್ದು ಬೇರೆಯೇ ಸಂಗತಿ.

ಪ್ರತಿ ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾನು ಯೂನಿಫಾರ್ಮ್ ಸೀರೆಗಳನ್ನು ಒಗೆದು ತಂತಿಗೆ ಹಾಕುತ್ತಿದ್ದೆ. ಹಾಸ್ಟೆಲಿನಲ್ಲಿ ಕಲಿತ ಪದ್ಧತಿ, ಬದಲಾಯಿಸಲು ನನಗೆ ಕಾರಣ ಕಾಣಲಿಲ್ಲ. ಮಲ್ಲಪ್ಪನವರ ಜೀವನದಲ್ಲಿ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದ ಒಂದೇ ಒಂದು ಕೆಲಸ ಕೂಡ ಅದೇ ಗಳಿಗೆಗೆ ಬೀಳಬೇಕೆ? ದೊಡ್ಡಪ್ಪನನ್ನು ಎಬ್ಬಿಸುವ ಕಾರ್ಯಕ್ರಮ. ಕಿಕ್ ಹೊಡೆದು ಹೊಡೆದು, ಬೈದು, ಬೇಡಿಕೊಂಡು, ಕೊನೆಗೊಮ್ಮೆ ಗಾಡಿ ಕೆಮ್ಮಿತೆಂದರೆ ಷೆಡ್ಡಿನಿಂದ ಎದ್ದ ಕರಿಹೊಗೆ ನೇರವಾಗಿ ನನ್ನ ಬಿಳಿ ಸೀರೆಗಳಿಗೆ ಬರುತ್ತಿತ್ತು. ನಾನು ಕಾಂಪೌಂಡಿನ ಈಚೆಯಿಂದ ಕೇಳಿದರೆ, "ನೀಲಿ ಆಕೋ ಬದ್ಲು ಒಸಿ ಒಗೆ ಬಿದ್ದದೆ, ಬುಡಿ ಸಿಸ್ಟ್ರೇ" ಎನ್ನುವರು.

ಒಮ್ಮೆ ಬಸ್ ಮುಷ್ಕರ. ನನ್ನ ಡ್ಯೂಟಿ ಆಗ ಟಿ. ನರಸೀಪುರದ ಆಸ್ಪತ್ರೆಯಲ್ಲಿ. ಬೇರೆ ದಾರಿಯಿಲ್ಲದೆ ನಾನು ದೊಡ್ಡಪ್ಪನ ಬೆನ್ನೇರಿದೆ. "ಕೂತ್ಕೊಳಿ, ಕಣ್ ಮುಚ್ ತೆಗ್ಯೋದ್ರೊಳ್ಗೆ ನರಸೀಪುರ" ಎಂದರು. ನಾನು ಕಣ್ಣು ಮುಚ್ಚಲಿಲ್ಲ. ಅದಕ್ಕೇ ಇರಬೇಕು, ತಡವಾಯಿತು. ದಾರಿಯಲ್ಲಿ ಗಾಡಿ ನಿಂತಲ್ಲೆಲ್ಲ ಅವರ ಪರಿಚಯದವರ ಮನೆ ಇತ್ತು, ಪ್ರತಿ ಮನೆಯಲ್ಲೂ ಒಲೆಯ ಮೇಲೆ ಕಾಫಿ ಇತ್ತು. ಗಾಡಿ ಕೆಟ್ಟ ಕಡೆಯೆಲ್ಲ ಪರಿಚಯವಾಗಿತ್ತೋ, ಪರಿಚಯವಿದ್ದ ಕಡೆಯೇ ಗಾಡಿ ಕೆಡುತ್ತಿತ್ತೋ ಇಂದಿಗೂ ಹೇಳಲಾರೆ. ಆ ದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಮೊದಲ ಸಲ ಕೆಂಪು ಗೆರೆ ಬಿತ್ತು. ಸಂಜೆ ಅದನ್ನು ಹೇಳಿದಾಗ ಅವರು ಬಹಳ ಯೋಚಿಸಿ, "ತಡ ಆದ್ರೆ ಏನಾಯ್ತು? ನೀವ್ ಓಗೋಗಂಟ ರೋಗಿಗಳು ಅಲ್ಲೇ ಇದ್ರು ತಾನೆ?" ಎಂದು ಕೇಳಿದರು.

ದೊಡ್ಡಪ್ಪನ ಮರ್ಯಾದೆಗೆ ಸೇರಿದ ಇನ್ನೊಂದು ಕಟ್ಟಳೆಯಿತ್ತು. ಆಯುಧಪೂಜೆಗಾಗಲಿ ಬೇರೆ ಪೂಜೆಗಾಗಲಿ ಹಾಕಿದ ಹಾರವನ್ನು ಯಾರೂ ತೆಗೆಯಕೂಡದು, ಅದು ತಾನಾಗಿಯೇ ಬೀಳಬೇಕು. ಬೇರೆಯವರ ಹಾರ ನೂಲಿನದು, ವಾರದಲ್ಲಿ ಬೀಳುತ್ತದೆ. ಇವರದು ಮಂಡಿಯ ಬಾಳೆನಾರಿನಲ್ಲಿ ಕಟ್ಟಿದ್ದು. "ನೂಲು ಕಡೀತದೆ, ನಾರು ಕಡಿಯಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ತಾನಾಗಿ ಬೀಳಬೇಕಾದ ಹಾರವನ್ನು ಎಂದೂ ಬೀಳದಂತೆ ಕಟ್ಟುವುದರಲ್ಲಿ ಏನೋ ತೊಡಕಿದೆ ಎಂದು ಅವರಿಗೆ ಯಾವತ್ತೂ ಅನಿಸಲಿಲ್ಲ. ಯುಗಾದಿಯವರೆಗೂ ಒಣಗಿದ ಚೆಂಡುಹೂವು ಊರ ಬೀದಿಗಳಲ್ಲಿ ಉದುರುತ್ತಿರುತ್ತಿತ್ತು; ಮಲ್ಲಪ್ಪನವರು ಎತ್ತ ಹೋದರೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ.

ಇದು ಬರೀ ಹಠವಲ್ಲ, ಭಯ. ಅವರ ದೊಡ್ಡಪ್ಪನ ಕಾಲದಲ್ಲಿ ಯಾರೋ ಒಣಹಾರ ಕಿತ್ತರಂತೆ. ಅದೇ ವಾರ ದೊಡ್ಡಪ್ಪ ಗಾಡಿ ಸಮೇತ ನಾಲೆಗೆ ಇಳಿದರಂತೆ. ಆಗ ಗಾಡಿಗೆ ಬ್ರೇಕ್ ಇತ್ತೇ ಎಂದು ನಾನು ಕೇಳಿದೆ. "ಬ್ರೇಕಿಗೂ ಆರಕ್ಕೂ ಏನ್ ಸಂಬಂದ ಸಿಸ್ಟ್ರೇ?" ಎಂದರು. ಮುಖದಲ್ಲಿ ನಗುವಿರಲಿಲ್ಲ.

ಇನ್ನು ಮಾದೇವಿಯ ವಿಷಯ. ಹೆಮ್ಮರಗಾಲದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಕಬ್ಬು ತುಂಬಿದ ಟ್ರ್ಯಾಕ್ಟರಿನ ಗಾಡಿ ಮಗುಚಿ ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಹೋಯಿತು. ನನ್ನ ವಾರ್ಡಿನಲ್ಲೇ ಇದ್ದಳು. ಅತ್ತದ್ದು ನಾನು ನೋಡಲಿಲ್ಲ. ಆದರೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದೇ ಅವಳ ಕೆಲಸ. ಕಂಕುಳಲ್ಲಿ ಎರಡು ಕೋಲು ಸಿಕ್ಕಿಸಿಕೊಂಡವಳು ಮಗುವನ್ನು ಎತ್ತುವುದು ಎಲ್ಲಿ? ಸಂಕ್ರಾಂತಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಕೃತಕ ಕಾಲು ಮೈಸೂರಿನಲ್ಲಿ ಸಿಗುತ್ತಿತ್ತು. ಕೊಡಿಸುವವರು ಬೇಕಿತ್ತು.

ಅದು ತೊಂಬತ್ತೆಂಟನೆಯ ಇಸವಿ. ಆ ಡಿಸೆಂಬರಿನಲ್ಲಿ ಮೈಸೂರಿನ ಕೆಲವು ಹಳೇ ಮೋಟಾರ್ ಸೈಕಲ್ ಪ್ರೇಮಿಗಳು ಧರ್ಮಾರ್ಥವಾಗಿ ಬೆಟ್ಟ ಹತ್ತುವ ಕಾರ್ಯಕ್ರಮ ಇಟ್ಟುಕೊಂಡರು. ಹಳೆಯ ಗಾಡಿಗಳು ಬೆಟ್ಟ ಹತ್ತುವುದು, ಒಂದೊಂದು ಗಾಡಿ ತುದಿ ಮುಟ್ಟಿದ್ದಕ್ಕೂ ದಾನಿಗಳು ಇಷ್ಟಿಷ್ಟು ಕೊಡುವುದು. ಬಂದದ್ದು ಕಣ್ಣಿನ ಶಿಬಿರಕ್ಕೆಂದು ಮೊದಲೇ ಮೀಸಲಾಗಿತ್ತು. ಬೆಟ್ಟ ತಲಕಾಡಿನ ರಸ್ತೆಯಲ್ಲಿತ್ತು. ಅದನ್ನು ಬೆಟ್ಟ ಎನ್ನುವುದು ಆ ಊರಿನವರ ಅಭಿಮಾನ. ನನಗೆ ಅಲ್ಲಿ ನೆಂಟರಿರುವುದರಿಂದ ನಾನೂ ಬೆಟ್ಟ ಎಂದೇ ಬರೆಯುತ್ತೇನೆ.

ಈ ಸುದ್ದಿ ಮಂಡಿಗೆ ಬಂದ ಸಂಜೆ ಬನ್ನೂರಿನ ಅಕ್ಕಿ ಗಿರಣಿಯ ಸಿದ್ದೇಗೌಡರು ಅಲ್ಲಿ ಕೂತಿದ್ದರು. ಅವರೂ ಮಲ್ಲಪ್ಪನವರೂ ಒಂದೇ ಹಾಸ್ಟೆಲಿನಲ್ಲಿ ಓದಿದವರು, ಅಂದಿನಿಂದ ಒಬ್ಬರನ್ನೊಬ್ಬರು ಹೀಯಾಳಿಸುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ. ನಾನು ಮಾದೇವಿಯ ಕಾಲಿನ ವಿಷಯ ಎತ್ತಿದೆ. ಸಿದ್ದೇಗೌಡರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ಲೇ ಮಲ್ಲ, ನಿನ್ ದೊಡ್ಡಪ್ಪ ಆ ಬೆಟ್ಟ ಅತ್ತುದ್ರೆ ಆ ಉಡ್ಗಿ ಕಾಲು ನಂದು."

"ನಿನ್ ಕಾಲು ಯಾಕ್ಲಾ ಅವ್ಳಿಗೆ? ವಸಾದು ಕೊಡ್ಸು."

"ವಸಾದೇ ಕೊಡುಸ್ತೀನಿ ಕಣ್ಲಾ. ಆದ್ರೆ ಯಾರೂ ಗಾಡಿಗೆ ಕೈ ಆಕ್ಬಾರ್ದು. ತಳ್ಳಂಗಿಲ್ಲ, ಎತ್ತಂಗಿಲ್ಲ. ನೀನು, ನಿನ್ ಗಾಡಿ, ಅಷ್ಟೇಯ. ಮೇಲ್ ಓದಾಗ ಇಂಜಿನ್ ಓಡ್ತಿರ್ಬೇಕು."

"ಅತ್ತಲಿಲ್ಲ ಅಂದ್ರೆ?"

"ಅತ್ತಲಿಲ್ಲ ಅಂದ್ರೆ ಅದ ಗುಜರಿಗಾಕಿ ನಮ್ಮಂಗೆ ಜೀಪ್ ತಕ್ಕೊ."

ಮಲ್ಲಪ್ಪನವರು ಒಪ್ಪಿದರು. ಮಾದೇವಿಯ ಕಾಲು ಅಲ್ಲಿಗೆ ದೊಡ್ಡಪ್ಪನ ಕೈಗೆ ಹೋಯಿತು. ರಾತ್ರಿ ಮಲಗುವ ಮುಂಚೆ ನಾನು ಬೇರೆ ದಾನಿಗಳ ಹೆಸರು ಯೋಚಿಸತೊಡಗಿದೆ.

ಕಾರ್ಯಕ್ರಮ ಇದ್ದದ್ದು ಒಂದು ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ. ಮಲ್ಲಪ್ಪನವರು ಬಂದದ್ದು ಒಂಬತ್ತೂವರೆಗೆ, ಮಂಡಿಯ ಆಳುಕಾಳುಗಳ ಮೆರವಣಿಗೆಯೊಂದಿಗೆ. ಗಾಡಿಗೆ ಅವರು ಬೆಟ್ಟದ ಬುಡದಲ್ಲೇ ಪೂಜೆ ಮಾಡಿದರು. ವಿಭೂತಿ ಬಳಿದರು, ಕಾಯಿ ಒಡೆದರು, ಹ್ಯಾಂಡಲಿನಿಂದ ಹಿಂದಿನ ಕ್ಯಾರಿಯರಿನವರೆಗೆ ತೋಳುಗಾತ್ರದ ಚೆಂಡುಹೂವಿನ ಹಾರ ಇಳಿಬಿಟ್ಟರು. ಹೊಚ್ಚಹೊಸ ಬಾಳೆನಾರು. ಮೈಸೂರಿನ ಸವಾರರು ಚರ್ಮದ ಕೋಟು ತೊಟ್ಟು, ಇನ್ನೂ ಹೊರಡದೆ, ಇಂಜಿನ್ ಎಣ್ಣೆಯ ದರ್ಜೆಯ ಬಗ್ಗೆ ಮಾತಾಡುತ್ತಿದ್ದರು. ಮದುವೆಗೆ ಹೊರಟಂತಿದ್ದ ಈ ಗಾಡಿಯನ್ನು ಕಂಡು ಅವರ ಮಾತು ನಿಂತಿತು.

ನಾನು ಹೋಗಿ ಹೇಳಿದೆ. "ಮಲ್ಲಪ್ಪನೋರೇ, ಹಾರ ತೆಗೆದು ಹೊರಡಿ. ಚೈನಿಗೆ ಸಿಕ್ಕಿಕೊಳ್ಳುತ್ತೆ."

"ಆಕಿದ್ ಆರ ತೆಗ್ಯದುಂಟಾ?"

"ಇವತ್ತೊಂದು ದಿನ."

"ದೊಡ್ಡಪ್ಪ ಅಂಗೆಲ್ಲ ಮಾಡಾಕಿಲ್ಲ ಸಿಸ್ಟ್ರೇ. ನೀವ್ ನಿಮ್ ಟಿಂಚರ್ ನೋಡ್ಕೊಳಿ."

ನಾನು ನನ್ನ ಟಿಂಚರ್ ನೋಡಿಕೊಳ್ಳಲು ಹೋದೆ. ಪ್ರಥಮ ಚಿಕಿತ್ಸೆಯ ಮೇಜು ಬೆಟ್ಟದ ನಡುತಿರುವಿನಲ್ಲಿತ್ತು. ಮಾದೇವಿ ನನ್ನ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ಕೋಲುಗಳನ್ನು ಮಡಿಲಿನಲ್ಲಿ ಅಡ್ಡ ಇಟ್ಟುಕೊಂಡು. ಮೈಸೂರಿನ ಗಾಡಿಗಳು ಒಂದೊಂದಾಗಿ ಗುಡುಗುಟ್ಟುತ್ತಾ ದಾಟಿಹೋದವು. ಯಾರೂ ಬೀಳಲಿಲ್ಲ, ಹತ್ತಿಯ ಸುರುಳಿ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಕೊನೆಯಲ್ಲಿ ದೊಡ್ಡಪ್ಪನ ಕೆಮ್ಮು ಕೇಳಿಸಿತು. ಹೂವಿನ ರಾಶಿ ತಾನೇ ನಡೆದು ಬರುತ್ತಿದೆಯೇನೋ ಎಂಬಂತೆ ಬಂತು. ಹಿಂದೆ ಸಿದ್ದೇಗೌಡರ ಜೀಪು, ಯಾರಾದರೂ ಕೈ ಹಾಕುತ್ತಾರೋ ನೋಡಲು. ತಿರುವಿಗೆ ಬಂದು ಮಲ್ಲಪ್ಪನವರು ಮಾದೇವಿಯ ಕಡೆ ಗತ್ತಿನಿಂದ ತಲೆ ಅಲ್ಲಾಡಿಸಿದರು. ಗಾಡಿ ವಾಲಿತು, ಹಾರ ಒಂದು ಗೇಣು ಕೆಳಕ್ಕೆ ಜಾರಿತು, ಚೈನು ಅದನ್ನು ನುಂಗಿತು. ಕಟಕ್ಕೆಂದು ಸದ್ದಾಗಿ ಇಂಜಿನ್ ನಿಂತುಹೋಯಿತು.

ಸರಿಯಾಗಿ ನನ್ನ ಮೇಜಿನ ಮುಂದೆ. ಹೇಳಬೇಕಾದ್ದನ್ನು ಹೇಳಿದ ಮೇಲೆ ಸುಮ್ಮನಿರುವುದರ ಸುಖ ನನಗೆ ಗೊತ್ತು.

ಮಲ್ಲಪ್ಪನವರು ಗಾಡಿಗೆ ಸ್ಟ್ಯಾಂಡ್ ಹಾಕಿ ಕೂತು ನಾರನ್ನು ಎಳೆದರು. ಎಳೆದಷ್ಟೂ ಬಿಗಿಯಿತು. ಅವರು ಹೊಗಳುತ್ತಿದ್ದ ನಾರು, ಹೊಗಳಿಕೆಗೆ ತಕ್ಕಂತೆ ನಡೆದುಕೊಂಡಿತು. ಸಿದ್ದೇಗೌಡರು ಜೀಪಿನಿಂದ ಇಳಿದರು.

"ಏನ್ ಮಲ್ಲ, ದೊಡ್ಡಪ್ಪಂಗೆ ಉರ್ಲು ಬಿದ್ದಂಗದೆ."

ನಾನು ಮೇಜಿನಿಂದ ಬ್ಯಾಂಡೇಜಿನ ಕತ್ತರಿ ತೆಗೆದುಕೊಂಡು ಹೋದೆ.

"ಸಿಸ್ಟರಮ್ಮ, ನೀವ್ ಗಾಡಿ ಮುಟ್ಟಂಗಿಲ್ಲ" ಎಂದರು ಸಿದ್ದೇಗೌಡರು.

"ನಾನು ಮುಟ್ಟೋದಿಲ್ಲ. ನನ್ನ ಕೈ ತೊಳೆದು ಆಗಿದೆ" ಎಂದು ಕತ್ತರಿಯನ್ನು ಮಲ್ಲಪ್ಪನವರ ಮುಂದೆ ಹಿಡಿದೆ.

ಅವರು ತೆಗೆದುಕೊಳ್ಳಲಿಲ್ಲ. ಕತ್ತರಿಯನ್ನೂ ಹಾರವನ್ನೂ ನೋಡುತ್ತಾ ಕೂತರು. ಕಪ್ಪು ಕನ್ನಡಕ ಹಣೆಗೇರಿತ್ತು, ಮುಖ ಬೆವೆತಿತ್ತು. ನಾಲೆಗೆ ಬಿದ್ದ ದೊಡ್ಡಪ್ಪ ಅವರ ಕಣ್ಣ ಮುಂದೆ ಇದ್ದರೆಂದು ಕಾಣುತ್ತದೆ. ನನಗೆ ಅಂಥ ನಂಬಿಕೆಗಳಿಲ್ಲ. ಆದರೆ ಭಯಪಟ್ಟ ಮನುಷ್ಯನ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಅದರಲ್ಲಿ ನಟನೆ ಇರಲಿಲ್ಲ.

ಆಗ ಮಾದೇವಿ ಕುರ್ಚಿಯಿಂದಲೇ ಹೇಳಿದಳು: "ಬುಡಿ ಅಪ್ಪಾಜಿ. ಆರ ಕಿತ್ರೆ ನಿಮ್ಗೆ ಕೆಟ್ಟದಾಯ್ತದೆ ಅಂದ್ರೆ ಬ್ಯಾಡ. ನಂಗೆ ಕೋಲು ರೂಢಿ ಆಯ್ತಾ ಅದೆ."

ರೂಢಿ ಆಗಿರಲಿಲ್ಲ. ಅವಳ ಕಂಕುಳಿನ ಹುಣ್ಣಿಗೆ ಆ ಬೆಳಗ್ಗೆ ನಾನೇ ಪಟ್ಟಿ ಹಾಕಿದ್ದೆ.

ಮಲ್ಲಪ್ಪನವರು ಕತ್ತರಿಗೆ ಕೈ ಚಾಚಿದರು. ಟ್ಯಾಂಕಿಗೆ ಹಣೆ ಹಚ್ಚಿ, "ತಪ್ಪಾಯ್ತು ದೊಡ್ಡಪ್ಪ" ಎಂದು ಹಾರ ಕತ್ತರಿಸಿದರು. ನಾರಿನ ಒಂದೊಂದೇ ಎಳೆಯನ್ನು ಚೈನಿನಿಂದ ಬಿಡಿಸಿ, ನೆಲಕ್ಕೆ ಎಸೆಯದೆ ಕೋಟಿನ ಜೇಬಿಗೆ ತುರುಕಿಕೊಂಡರು. ಆಮೇಲೆ ಕಿಕ್ ಹೊಡೆದರು. ಹೊಡೆಯುತ್ತಲೇ ಇದ್ದರು. ಇಂಜಿನ್ ಕಾದ ಮೇಲೆ ದೊಡ್ಡಪ್ಪ ಕಿಕ್ ತೆಗೆದುಕೊಳ್ಳುವುದಿಲ್ಲವೆಂದು ನಂಜನಗೂಡಿನ ಮಕ್ಕಳಿಗೂ ಗೊತ್ತಿತ್ತು.

ಆಗ ಅವರು ಮಾಡಿದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಒಬ್ಬರೇ ಏದುಸಿರು ಬಿಡುತ್ತಾ ಆ ಭಾರದ ಗಾಡಿಯನ್ನು ತಿರುಗಿಸಿದರು. ಹತ್ತಿ ಬಂದ ದಾರಿಗೇ ಮುಖ ಮಾಡಿ ಕೂತರು. ಸದ್ದಿಲ್ಲದೆ ಇಳಿದುಹೋದರು.

"ಓದ ಕಣ್ರೀ" ಎಂದರು ಸಿದ್ದೇಗೌಡರು. "ನಾನ್ ಯೋಳಿರ್ನಿಲ್ವಾ?" ಗೆದ್ದವರ ದನಿಯಲ್ಲ ಅದು. ಮಾದೇವಿಯ ಕಡೆ ತಿರುಗಲು ಅವರಿಗೂ ಆಗಲಿಲ್ಲ, ಜೀಪಿನ ಚಕ್ರವನ್ನು ಒದೆಯುತ್ತಾ ನಿಂತರು. ಮಾದೇವಿ ಸೆರಗಿನ ತುದಿಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಮೇಲಿನಿಂದ ಮೈಕಿನವರು ಬೆಟ್ಟ ಹತ್ತುವುದು ಮುಗಿಯಿತೆಂದು, ಇನ್ನು ವಂದನಾರ್ಪಣೆಯೆಂದು ಸಾರುತ್ತಿದ್ದರು.

ಬೆಟ್ಟದ ಬುಡದಲ್ಲಿ ಏನೋ ಸಿಡಿದಂತಾಯಿತು. ಮತ್ತೊಮ್ಮೆ. ಆಮೇಲೆ ಆ ಕೆಮ್ಮು, ಭಾನುವಾರದ ಕೆಮ್ಮು. ಇಳಿಜಾರಿನ ಓಟದಲ್ಲೇ ಗೇರಿಗೆ ಹಾಕಿ ದೊಡ್ಡಪ್ಪನನ್ನು ಎಬ್ಬಿಸಲು ಅವರು ಅಷ್ಟೂ ಬೆಟ್ಟ ಇಳಿದಿದ್ದರು. ಇಳಿಯಬಾರದೆಂದು ಷರತ್ತಿನಲ್ಲಿ ಇರಲಿಲ್ಲವಷ್ಟೆ. ಕರಿಹೊಗೆಯ ನಡುವೆ, ಕಟ್ಟು ಸಡಿಲಿದ ಪಂಚೆ ಬಾವುಟದಂತೆ ಹಾರುತ್ತಾ, ಮಲ್ಲಪ್ಪನವರು ನಮ್ಮ ಮುಂದೆಯೇ ಹಾದುಹೋದರು. ಈ ಸಲ ಯಾರತ್ತಲೂ ತಲೆ ಅಲ್ಲಾಡಿಸಲಿಲ್ಲ. ಎಲ್ಲಿಗೋ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದವರಂತೆ ಹೋಗುವುದನ್ನು ನಾನು ಕಂಡದ್ದು ಅದೊಂದೇ ಸಲ.

ತುದಿಯಲ್ಲೂ ಅವರು ನಿಲ್ಲಲಿಲ್ಲ. ಇಂಜಿನ್ ಓಡುತ್ತಿರುವುದನ್ನು ಸಿದ್ದೇಗೌಡರು ಕಣ್ಣಾರೆ ನೋಡಬೇಕಿತ್ತಲ್ಲ. ಮೈಕಿನವರನ್ನು, ಅಧ್ಯಕ್ಷರನ್ನು, ಅವರ ಮುಂದಿನ ಮೇಜನ್ನು ಸುತ್ತುಹಾಕುತ್ತಲೇ ಇದ್ದರು. "ಸಿದ್ದ ಬರೋಗಂಟ ಆಫ್ ಮಾಡಾಕಿಲ್ಲ" ಎಂದು ಕೂಗುತ್ತಿದ್ದರಂತೆ. ವಂದನಾರ್ಪಣೆ ಪೂರ್ತಿ ಹೊಗೆಯಲ್ಲಿ ನಡೆಯಿತು. ಸಿದ್ದೇಗೌಡರು ಹೋಗಿ ನೋಡಿ, "ಸಾಕ್ ಇಳಿಯೋ, ತಲೆ ಸುತ್ತಿ ಬಿದ್ರೆ ನಿನ್ ಕಾಲೂ ನಾನೇ ಕೊಡುಸ್ಬೇಕಾಯ್ತದೆ" ಎಂದ ಮೇಲೆಯೇ ಅವರು ಇಳಿದದ್ದು.

ಸಿದ್ದೇಗೌಡರು ಮಾತಿಗೆ ತಪ್ಪಲಿಲ್ಲ. ಅಳತೆ ಕೊಡಲು ಮಾದೇವಿಯನ್ನು ತಮ್ಮ ಜೀಪಿನಲ್ಲೇ ಮೈಸೂರಿಗೆ ಕರೆದುಕೊಂಡು ಹೋದರು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅವಳು ಅಂಗನವಾಡಿಯ ಮಕ್ಕಳಿಗೆ ಎರಡು ಕಾಲ ಮೇಲೆ ನಿಂತು ಹಂಚಿದಳು.

ಮಲ್ಲಪ್ಪನವರು ಮಾತ್ರ ಆ ವರ್ಷವೆಲ್ಲ ಶಕುನ ಎಣಿಸಿದರು. ನೆಗಡಿ ಬಂದರೆ ಹಾರ, ರಸಬಾಳೆಗೆ ರೋಗ ಬಂದರೆ ಹಾರ, ದಾಕ್ಷಾಯಣಮ್ಮನ ಸಾರಿಗೆ ಉಪ್ಪು ಹೆಚ್ಚಾದರೂ ಹಾರ. ಆದರೆ ಮಾದೇವಿ ಬಂದಾಗ ಈ ಮಾತು ತುಟಿ ದಾಟುತ್ತಿರಲಿಲ್ಲ. ಒಮ್ಮೆ ಅವಳೇ ಕೇಳಿದಳು, ನನ್ನಿಂದ ನಿಮಗೆ ಕೆಟ್ಟದಾಯಿತೇ ಎಂದು. "ಏ ಉಚ್ಚಿ, ಅದು ಬೀಳಕ್ಕೆ ರೆಡಿ ಆಗಿತ್ತು ಕಣವ್ವ. ನಾನ್ ಒಸಿ ಸಾಯ ಮಾಡ್ದೆ ಅಷ್ಟೇಯ" ಎಂದರು. ತೋಳುಗಾತ್ರದ ಹಾರ, ಹೊಸ ನಾರು, ಹಾಕಿ ಗಂಟೆ ಕಳೆದಿರಲಿಲ್ಲ. ನಾನು ಅಲ್ಲೇ ಇದ್ದೆ, ತಿದ್ದಲಿಲ್ಲ.

ನಾನು ನಿವೃತ್ತಳಾದ ಮೇಲೂ ಹೊಗೆ ನಿಲ್ಲಲಿಲ್ಲ. ಎರಡು ಸಾವಿರದ ಐದರಲ್ಲಿ ಅವರೇ ನಿಂತರು. ಹೃದಯದ ತೊಂದರೆ. ಕೊನೆಯ ಸಲ ನಾನು ರಕ್ತದೊತ್ತಡ ನೋಡಲು ಹೋದಾಗ ಕಿಟಕಿಯ ಪಕ್ಕ ಮಲಗಿದ್ದರು, ಷೆಡ್ಡು ಕಾಣುವ ಹಾಗೆ. ಮೈಸೂರಿನ ದೊಡ್ಡ ಡಾಕ್ಟರಿಗೆ ಇನ್ನೊಮ್ಮೆ ತೋರಿಸೋಣ ಎಂದೆ. "ಕಾದ್ ಮೇಲೆ ಕಿಕ್ ಒಡದ್ರೆ ಪ್ರಯೋಜನಿಲ್ಲ ಸಿಸ್ಟ್ರೇ, ಸುಮ್ಕೆ ಬುಡಿ" ಎಂದರು. ಅವತ್ತು ಬೆಟ್ಟದಲ್ಲಿ ಮಾಡಿದಂತೆ ಇಳಿಜಾರು ನೋಡಿ ಎಂದು ನನಗೆ ಹೇಳಬೇಕೆನಿಸಿತು. ತೋಳಿನ ಪಟ್ಟಿ ಬಿಚ್ಚಿ ಸುತ್ತಿ ಡಬ್ಬಿಗೆ ಹಾಕಿಕೊಂಡು ಬಂದೆ.

ಈಗ ಆಯುಧಪೂಜೆಯ ಬೆಳಗ್ಗೆಗೆ ಬರುತ್ತೇನೆ. ಟಾರ್ಪಾಲು ತೆಗೆದೆವು. ನಾನು ಧೂಳು ಒರೆಸಿದೆ, ಮಾದೇವಿ ವಿಭೂತಿ ಹಚ್ಚಿದಳು, ದಾಕ್ಷಾಯಣಮ್ಮ ಹಾರ ತಂದರು. ಬಾಳೆನಾರಿನದೇ. "ಅವ್ರ್ ಇದ್ದಿದ್ರೆ ನೂಲಿಂದು ಆಕ್ಸ್ಕೊತಿರ್ನಿಲ್ಲ" ಎಂದರು. ಅದನ್ನು ಚೈನಿನಿಂದ ದೂರವಾಗಿ, ದೀಪದ ಸುತ್ತ ಗಿಡ್ಡವಾಗಿ ನಾನೇ ಕಟ್ಟಿದೆ. ಆಸ್ಪತ್ರೆಯ ಗಂಟು, ಜಾರುವುದಿಲ್ಲ. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಯಿತು. ಇನ್ನು ಗಾಡಿ ಅವುಗಳ ಮೇಲೆ ಹರಿಯಬೇಕು.

ಮಾದೇವಿ ಕೊಡಿಸಿದ ಕಾಲನ್ನು ಊರಿ ನಿಂತು, ಸ್ವಂತ ಕಾಲಿನಿಂದ ಒಂದು ಕಿಕ್ ಹೊಡೆದಳು. ಏನೂ ಆಗಲಿಲ್ಲ.

"ಮೂಡಿಲ್ಲ" ಎಂದರು ದಾಕ್ಷಾಯಣಮ್ಮ.

ಮೂವರೂ ಹಿಂದಕ್ಕೆ ಹೋಗಿ ಕ್ಯಾರಿಯರಿಗೆ ಕೈ ಕೊಟ್ಟೆವು. ಈ ಸಲ ಯಾರೂ ಕೈ ಹಾಕಬಾರದೆಂಬ ಷರತ್ತು ಇರಲಿಲ್ಲ. ದೊಡ್ಡಪ್ಪ ಒಂದು ಕ್ಷಣ ಬಿಗುಮಾನ ಮಾಡಿ, ಮುಂದಕ್ಕೆ ಉರುಳಿತು. ನಿಂಬೆಹಣ್ಣು ಚಿಟ್ಟೆಂದವು.

ನಾನು ಸಿಪ್ಪೆ ಗುಡಿಸಿ, ನೆಲಕ್ಕೆ ನೀರು ಹಾಕಿ, ಟಾರ್ಪಾಲನ್ನು ನಾಲ್ಕು ಮೂಲೆಯೂ ಸಮನಾಗಿ ಇಳಿಯುವಂತೆ ಹೊದಿಸಿದೆ. ಷೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ಮಂಡಿಯೊಳಗೆ ಮಲ್ಲಪ್ಪನವರ ಮಫ್ಲರು ನೇತುಹಾಕಿದ್ದ ಮೊಳೆಗೇ ಸಿಕ್ಕಿಸಿದೆ. ಆಮೇಲೆ ಮನೆಗೆ ಬಂದು ಬಿಳಿ ಸೀರೆಗಳನ್ನು ಒಗೆದು ತಂತಿಗೆ ಹಾಕಿದೆ. ಸಂಜೆ ತೆಗೆದು ಮಡಚುವಾಗ ನೋಡಿದೆ, ಒಂದರ ಮೇಲೂ ಮಸಿಯಿರಲಿಲ್ಲ.